ಮುಪ್ಪಿಗೊಂದು ಮನೆ : ದಾನವೋ, ದಾಸೋಹವೋ?

ತಂದೆತಾಯಿಗಳನ್ನು ಮುಪ್ಪಿನಲ್ಲಿ ಸಲಹುವುದು ಮಕ್ಕಳ ಧರ್ಮವೆಂಬ ವಿಷಯದಲ್ಲಿ ಯಾರಿಗೂ ಸಂಶಯವಿರಲಾರದು. ಎಲ್ಲ ಮತಗಳೂ ಇದನ್ನು ಸಾರಿವೆ; ಎಲ್ಲ ನೀತಿಗಳೂ ಇದನ್ನು ಎತ್ತಿ ಹಿಡಿದಿವೆ. ಹೀಗಿರಲು, ಊರಿನಲ್ಲಿ ವೃದ್ಧರಿಗಾಗಿ ಬೇರೆ ಮನೆಗಳನ್ನು ಕಟ್ಟಿಸಬೇಕೆಂಬ ಮಾತು ಎದ್ದೊಡನೆ ಗೃಹಸ್ಥರಾದ ಸದ್ಭಕ್ತರ ಮನಸ್ಸು ಹಿಂಜರಿಯುವುದು ಸಹಜವೇ ಆಗಿದೆ. “ಇಂಥ ಮನೆಯನ್ನು ಕಟ್ಟಿಟ್ಟರೆ ಮಕ್ಕಳು ಹೆತ್ತವರನ್ನು ತಂದು ಅಲ್ಲಿ ಬಿಟ್ಟು ಹೋಗುವರು, ಅಧರ್ಮಕ್ಕೆ ಬಾಗಿಲು ತೆರೆದಂತಾಗುವುದು” ಎಂದು ಕೆಲವರು ಅನ್ನುತ್ತಾರೆ. “ಮಕ್ಕಳಿಲ್ಲದವರಿಗೆ ಮಠವಿದೆ, ದಾಸೋಹವಿದೆ, ಮಕ್ಕಳಿದ್ದವರಿಗೆ ಮನೆಯಿದೆ, ನಡುವೆ ಇದೇಕೆ?” ಎಂದು ಮತ್ತೆ ಕೆಲವರು ಕೇಳುತ್ತಾರೆ. ಈ ಆಕ್ಷೇಪಗಳು ಕಲ್ಲೆದೆಯವರ ಬಾಯಿಂದ ಬಂದವುಗಳಲ್ಲ. ಧರ್ಮಭೀರುಗಳ ಬಾಯಿಂದಲೇ ಬಂದವು. ಆದುದರಿಂದ ಇವುಗಳನ್ನು ತಳ್ಳಿಹಾಕದೆ ಶರಣಧರ್ಮದ ಬೆಳಕಿನಲ್ಲಿಟ್ಟು ಶೋಧಿಸುವುದು ಅವಶ್ಯ.

ವಿಚಾರವು ಗಾಳಿಯಲ್ಲಿ ತೇಲದಿರಲೆಂದು ಒಂದು ಊರನ್ನು ಕಣ್ಣೆದುರಿಗಿಟ್ಟುಕೊಳ್ಳುವುದು ಮೇಲು. ಗದಗ-ಬೆಟಗೇರಿ ಅವಳಿ ನಗರವು ಅತಿ ದೊಡ್ಡದೂ ಅಲ್ಲ, ಹಳ್ಳಿಯೂ ಅಲ್ಲ. 2011ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 1,72,000 ಜನ. ನೇಕಾರಿಕೆ, ಮುದ್ರಣ, ಹತ್ತಿಯ ವ್ಯಾಪಾರ, ಮಠಮಾನ್ಯಗಳು, ಸಂಗೀತ ಇವುಗಳಿಂದ ಹೆಸರಾದ ಊರು ಅದು. 1997ರಲ್ಲಿ ಜಿಲ್ಲೆಯ ಮುಖ್ಯಸ್ಥಳವಾಯಿತು. ಇಡೀ ಗದಗ ಜಿಲ್ಲೆಯಲ್ಲಿ ಆ ಗಣತಿಯ ಕಾಲಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಅದೇ ಗಣತಿಯಂತೆ ದೇಶದಲ್ಲಿ ಅರವತ್ತು ವರ್ಷ ದಾಟಿದವರು ನೂರಕ್ಕೆ 8.6ರಷ್ಟು. ಈ ಸರಾಸರಿಯನ್ನೇ ಹಿಡಿದರೂ ಗದಗ ಜಿಲ್ಲೆಯೊಂದರಲ್ಲಿಯೇ ತೊಂಬತ್ತು ಸಾವಿರದಷ್ಟು ವೃದ್ಧರು ಆಗಲೇ ಇದ್ದಂತಾಯಿತು.

ಇವರೆಲ್ಲರಿಗೂ ಬೇರೆ ಮನೆ ಬೇಕೆಂದು ಯಾರೂ ಹೇಳುವುದಿಲ್ಲ. ಬಹುಮಂದಿ ಮಕ್ಕಳ ಜೊತೆಗೆ ಇದ್ದಾರೆ, ಇರಬೇಕಾದುದೂ ಹಾಗೆಯೇ. ಉಳಿದವರಲ್ಲಿ ಮೂರು ಬಗೆಯವರನ್ನು ಕಾಣಬಹುದು. ಮೊದಲನೆಯವರು ಸಿರಿವಂತರು. ಬೆಂಗಳೂರು, ಕೊಯಿಮತ್ತೂರು, ಪುಣೆಗಳ ಸುತ್ತ ಇಂಥವರಿಗಾಗಿ ವ್ಯಾಪಾರಸ್ಥರು ಕಟ್ಟಿಸಿದ ನಿವೃತ್ತರ ವಸತಿಗಳುಂಟು. ಹಣ ಕೊಟ್ಟರೆ ವೈದ್ಯರು, ಅಡಿಗೆಯವರು, ಕಾವಲುಗಾರರು ಎಲ್ಲವೂ ದೊರೆಯುತ್ತದೆ. ಎರಡನೆಯವರು ಏನೂ ಇಲ್ಲದ ನಿರ್ಗತಿಕರು. ಇವರಿಗಾಗಿ ಸರಕಾರವು 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯನ್ನು ಮಾಡಿತು. ಅದರಲ್ಲಿ, ಜಿಲ್ಲೆಗೊಂದರಂತೆ ಕಡಿಮೆಯೆಂದರೆ 150 ನಿರ್ಗತಿಕ ವೃದ್ಧರಿಗೆ ಎಡೆಯಿರುವ ವೃದ್ಧಾಶ್ರಮಗಳನ್ನು ರಾಜ್ಯ ಸರಕಾರಗಳು ಹಂತಹಂತವಾಗಿ ಸ್ಥಾಪಿಸಬಹುದೆಂದು ಹೇಳಿದೆ. ತೊಂಬತ್ತು ಸಾವಿರವೆಲ್ಲಿ, ನೂರೈವತ್ತೆಲ್ಲಿ? ಆದರೂ ಕಾಯಿದೆಯು ಇವರ ಕಡೆಗೆ ಕಣ್ಣು ತೆರೆದಿದೆಯೆಂಬುದು ನಿಜ.

ಮೂರನೆಯವರೇ ಈ ವಿಚಾರಕ್ಕೆ ಮುಖ್ಯರಾದವರು. ಅವರು ನಿರ್ಗತಿಕರಲ್ಲ, ಆದುದರಿಂದ ಧರ್ಮಶಾಲೆಯ ಬಾಗಿಲಿಗೆ ಹೋಗಲಾರರು. ಸಿರಿವಂತರೂ ಅಲ್ಲ, ಆದುದರಿಂದ ವ್ಯಾಪಾರಿಯ ಬಾಗಿಲಿಗೂ ಹೋಗಲಾರರು. ಕನ್ನಡ ಶಾಲೆಯ ಮಾಸ್ತರರ ವಿಧವೆ, ಅಂಗಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದ ಗುಮಾಸ್ತ, ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಕಣ್ಣು ಮಂದವಾದ ಕೆಲಸಗಾರ, ಮಗ್ಗ ಬಿಟ್ಟ ನೇಕಾರ ಇಂಥವರು ಈ ಗುಂಪಿನವರು. ಇವರು ಬಾಳಿನುದ್ದಕ್ಕೂ ದುಡಿದು ಉಂಡವರು, ಕೈಯೊಡ್ಡಿ ಬದುಕಿದವರಲ್ಲ. ಕಾಯಕಜೀವಿಗಳಾದ ಇವರೇ ಮುಪ್ಪಿನಲ್ಲಿ ನೆಲೆಯಿಲ್ಲದವರಾಗುವುದು ಶರಣಧರ್ಮವನ್ನು ನಂಬಿದ ಸಮಾಜಕ್ಕೆ ಭೂಷಣವೆ?

ಮಕ್ಕಳಿರುವಾಗ ನೆಲೆಯಿಲ್ಲದಿರುವುದು ಹೇಗೆಂದು ಕೇಳಬಹುದು. ಬೆಟಗೇರಿಯ ಓಣಿಯೊಂದರಲ್ಲಿ ಐವತ್ತು ವರ್ಷ ಸೀರೆ ನೇಯ್ದ ಒಬ್ಬ ಮುದುಕನನ್ನು ಭಾವಿಸಿಕೊಳ್ಳಬಹುದು. ಹೆಂಡತಿ ಲಿಂಗೈಕ್ಯಳಾಗಿದ್ದಾಳೆ. ಮಗನು ಬೆಂಗಳೂರಿನಲ್ಲಿ ಮೂರನೆಯ ಅಂತಸ್ತಿನ ಎರಡು ಕೋಣೆಗಳ ಬಾಡಿಗೆಮನೆಯಲ್ಲಿ ಹೆಂಡತಿ ಮಕ್ಕಳೊಡನೆ ಇದ್ದಾನೆ. ಮಗನು ಕೆಟ್ಟವನಲ್ಲ. “ಯಪ್ಪಾ, ಒಬ್ಬನ ಯಾಕ ಇರ್ತಿ, ಇಲ್ಲೇ ಬಂದುಬಿಡು” ಎಂದು ಕರೆಯುತ್ತಾನೆ. ಸೊಸೆಯೂ “ಬರ್ರಿ ಮಾವಾರ” ಎನ್ನುತ್ತಾಳೆ. ಮುದುಕನು ಹೋಗುತ್ತಾನೆ. ಎರಡು ತಿಂಗಳು ಕಳೆಯುವುದರೊಳಗೆ ಊರಿಗೆ ಮರಳುತ್ತಾನೆ. ಅಲ್ಲಿ ಅವನ ಮೊಣಕಾಲಿಗೆ ಮೂರಂತಸ್ತಿನ ಮೆಟ್ಟಿಲು, ನಾಲಗೆಗೆ ಮಾತನಾಡುವವರಿಲ್ಲದ ಹಗಲು. ಮೊಮ್ಮಗನು ಓದುವ ಕೋಣೆಯಲ್ಲಿಯೇ ಅವನ ಹಾಸಿಗೆ. ಹುಡುಗನು ದೀಪ ಆರಿಸುವವರೆಗೆ ಮುದುಕನಿಗೆ ನಿದ್ರೆಯಿಲ್ಲ, ಮುದುಕನು ಕೆಮ್ಮಿದರೆ ಹುಡುಗನಿಗೆ ಓದಿಲ್ಲ. ಯಾರೂ ಯಾರನ್ನೂ ಅನ್ನಲಿಲ್ಲ. ಆದರೂ ತಾನು ಆ ಮನೆಗೆ ಭಾರವಾದೆನೆಂದು ಮುದುಕನ ಅಂತಃಕರಣವು ಅರಿಯಿತು.

ಊರಿಗೆ ಮರಳಿದರೆ ಇರುವ ಬಾಡಿಗೆಮನೆಗೆ ಹತ್ತು ಮೆಟ್ಟಿಲು. ಬಚ್ಚಲು ಹೊರಗೆ, ಕತ್ತಲೆಯಲ್ಲಿ. ಬೇರೆ ಮನೆ ಕೇಳಹೋದರೆ ಮಾಲಕನು ಮುದುಕನ ಮೋರೆ ನೋಡಿ, ನಾಳೆ ಹಾಸಿಗೆ ಹಿಡಿದರೆ ನೋಡುವವರು ಯಾರೆಂದು ಯೋಚಿಸಿ, “ಮನೆ ಖಾಲಿ ಇಲ್ಲ” ಎನ್ನುತ್ತಾನೆ. ಇಲ್ಲಿ ಮಗನು ತಂದೆಯನ್ನು ತ್ಯಜಿಸಿದನೆ? ಇಲ್ಲ. ತಂದೆಯು ಮಗನನ್ನು ದೂರ ಮಾಡಿದನೆ? ಅದೂ ಇಲ್ಲ. ಇಬ್ಬರ ನಡುವೆ ಇದ್ದ ಪ್ರೀತಿಯು ಹಾಗೆಯೇ ಇದೆ; ಇಲ್ಲದಿರುವುದು ತಗ್ಗಿನ ಹೊಸ್ತಿಲಿನ ಒಂದು ಕೋಣೆ, ಒಳಗೇ ಒಂದು ಬಚ್ಚಲು, ಕೂಗಿದರೆ ಓಗೊಡುವ ನೆರೆ. ಇಷ್ಟೇ. ಧರ್ಮಸಂಕಟವೆಂದು ತೋರಿದುದು ವಿಚಾರಿಸಿ ನೋಡಿದರೆ ಬಹುಪಾಲು ಒಂದು ಕೋಣೆಯ ಅಭಾವ.

ಹೀಗೆಂದ ಮಾತ್ರಕ್ಕೆ ಮೊದಲನೆಯ ಆಕ್ಷೇಪವು ಪೂರ್ಣವಾಗಿ ಸುಳ್ಳಾಗುವುದಿಲ್ಲ. ಹೆತ್ತವರ ಆಸ್ತಿಯನ್ನು ಬರೆಯಿಸಿಕೊಂಡು ಅವರನ್ನು ಬೀದಿಗೆ ನೂಕುವ ಮಕ್ಕಳೂ ಇದ್ದಾರೆ. ಇಂಥವರನ್ನು ಹಿಡಿಯುವುದಕ್ಕೆ 2007ರ ಕಾಯಿದೆಯಲ್ಲಿ ದಾರಿಯಿದೆ. ಉಪವಿಭಾಗದ ಅಧಿಕಾರಿಯ ಮಟ್ಟದವರು ನಡೆಸುವ ನ್ಯಾಯಮಂಡಳಿಯ ಮುಂದೆ ವೃದ್ಧರು ಪೋಷಣೆಗಾಗಿ ಅರ್ಜಿ ಕೊಡಬಹುದು. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಆಸ್ತಿಯನ್ನು ಪಡೆದು ಆಮೇಲೆ ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದೆಂದು ಸಾರಲು ಆ ಮಂಡಳಿಗೆ ಅಧಿಕಾರವಿದೆ. ಆದುದರಿಂದ ದುಷ್ಟನಾದ ಮಗನಿಗೆ ಮದ್ದು ಕಾಯಿದೆಯಲ್ಲಿದೆ. ಅವನಿಗೆ ಹೆದರಿ ಊರಿನವರು ಮನೆ ಕಟ್ಟದಿರುವುದು, ಕಳ್ಳನಿಗೆ ಹೆದರಿ ಬಾವಿ ತೋಡದೆ ಇರುವಂತೆ. ಬಾಯಾರುವವನು ಕಳ್ಳನಲ್ಲ, ಊರು. ಮೇಲಾಗಿ, ಇಂದು ಮನೆಯಿಲ್ಲದಿರುವುದರಿಂದ ಕೆಟ್ಟ ಮಗನು ಒಳ್ಳೆಯವನಾಗಿಲ್ಲ. ಅವನ ಕೈಯಲ್ಲಿ ಸಿಕ್ಕ ವೃದ್ಧರಿಗೆ ಹೋಗಲು ಎಡೆಯಿಲ್ಲದಂತಾಗಿದೆ, ಅಷ್ಟೆ. ಹೋಗಲು ಒಂದು ಬಾಗಿಲು ಇದೆಯೆಂದಾದರೆ ಆ ಮುದುಕಿಯ ಮಾತಿಗೆ ಮನೆಯಲ್ಲಿಯೂ ಬೆಲೆ ಬಂದೀತು.

ಇನ್ನು ಎರಡನೆಯ ಪ್ರಶ್ನೆ: ಮಠವಿದೆ, ದಾಸೋಹವಿದೆ, ಇದೇಕೆ? ಇದಕ್ಕುತ್ತರವು ದಾಸೋಹವೆಂಬ ಶಬ್ದದ ಅರ್ಥದಲ್ಲಿಯೇ ಅಡಗಿದೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾನಿಯ ಕೈ ಮೇಲಿರುವುದರಿಂದಲೇ ಅವನಲ್ಲಿ ‘ನಾನು’ ಎಂಬುದು ಹುಟ್ಟುತ್ತದೆ. ಶರಣರು ಇದನ್ನು ಒಪ್ಪಲಿಲ್ಲ. ಕೊಡುವವನೇ ದಾಸನೆಂದೂ ಪಡೆಯುವವನು ಜಂಗಮಸ್ವರೂಪನೆಂದೂ ಅವರು ತಿಳಿದರು. ಕೊಟ್ಟದ್ದು ಕೊಟ್ಟವನದಲ್ಲ, ಅದು ಬಂದ ಕಡೆಗೆ ಮರಳಿ ಸಂದದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯು ಅನ್ನಛತ್ರವಾಗಿರದೆ ಮಹಾಮನೆಯೇ ಆಗಿದ್ದುದು ಇದೇ ಕಾರಣದಿಂದ. ಅಲ್ಲಿಗೆ ಬಂದವರು ಬೇಡುವವರಲ್ಲ, ಮನೆಯವರು. ಕುಲವನ್ನು ಕೇಳುವವರಿರಲಿಲ್ಲ, ಕಾಯಕವನ್ನು ಕೇಳುವವರಿದ್ದರು.

ಆಯ್ದಕ್ಕಿ ಲಕ್ಕಮ್ಮ ಮಾರಯ್ಯರ ಕಥೆಯನ್ನು ಅರಿಯದ ಭಕ್ತರಿಲ್ಲ. ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರಹೇಳಿದಳು. ಈ ಕಥೆಯನ್ನು ಆಸೆ ಬೇಡವೆಂಬ ನೀತಿಗಾಗಿ ಹೇಳುವುದು ವಾಡಿಕೆ. ಆದರೆ ಅದರಲ್ಲಿ ಇನ್ನೊಂದು ಅರ್ಥವೂ ಉಂಟು. ಬಡವಳಾದ ಲಕ್ಕಮ್ಮನಿಗೆ ‘ಇಷ್ಟು ನನ್ನದು, ಇದಕ್ಕಿಂತ ಹೆಚ್ಚು ನನ್ನದಲ್ಲ’ ಎಂದು ಹೇಳುವ ಅಧಿಕಾರವಿತ್ತು. ಕಲ್ಯಾಣದಲ್ಲಿ ಬಡವರಿಗೂ ಮಾನವಿತ್ತು. ಕೊಟ್ಟದ್ದನ್ನೆಲ್ಲ ಕೊಳ್ಳಬೇಕಾದ ದೈನ್ಯವಿರಲಿಲ್ಲ. ವೃದ್ಧರಿಗೆ ಮನೆ ಕಟ್ಟುವವರು ಮೊದಲು ಕಲಿಯಬೇಕಾದ ಪಾಠ ಇದೇ ಆಗಿದೆ. ಉಚಿತವಾಗಿ ಕೊಟ್ಟರೆ ಪುಣ್ಯವೆಂದು ಕಟ್ಟಿಸುವವನು ತಿಳಿಯಬಹುದು. ಆದರೆ ಬಾಳೆಲ್ಲ ದುಡಿದು ಉಂಡ ನೇಕಾರನಿಗೆ ಉಚಿತವೆಂಬುದು ಮಾನಹಾನಿಯಾಗಿ ತೋರಬಹುದು. ಅವನು ತನ್ನ ಪಾಲನ್ನು ಕೊಡಲು ಬಯಸುತ್ತಾನೆ. ಆ ಪಾಲು ಅವನಿಗೆ ಎಟಕುವಂತಿರಬೇಕು. ಎಟಕುವ ಬೆಲೆ ಎಂಬುದು ವ್ಯಾಪಾರದ ಮಾತಲ್ಲ, ಮಾನದ ಮಾತು.

ಎಟಕುವ ಬೆಲೆ ಎಷ್ಟು? ಇಲ್ಲಿ ಭಾವದ ಮಾತು ಸಾಲದು, ಲೆಕ್ಕವೂ ಬೇಕು. ಮುನ್ನೂರು ಚದರಡಿಯ ಒಂದು ಕೋಣೆ, ಒಳಗೆ ಬಚ್ಚಲು, ಒಂದು ಮೂಲೆಯಲ್ಲಿ ಒಲೆಗೆ ಎಡೆ, ಇನ್ನೊಂದು ಮೂಲೆಯಲ್ಲಿ ಬೆಳಗಿನ ಪೂಜೆಗೆ ಎಡೆ. ಚದರಡಿಗೆ 2,000 ರೂಪಾಯಿ ಹಿಡಿದರೆ ಇದಕ್ಕೆ 6,00,000 ರೂಪಾಯಿ ಆಗುತ್ತದೆ. ಈ ಹಣವನ್ನು ನೂರಕ್ಕೆ ಒಂಬತ್ತರ ಬಡ್ಡಿಗೆ ತಂದರೆ ವರ್ಷಕ್ಕೆ 54,000, ತಿಂಗಳಿಗೆ 4,500 ರೂಪಾಯಿ ಬಡ್ಡಿಯೊಂದೇ ಆಯಿತು. ಕರ್ನಾಟಕ ಸರಕಾರವು ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಕೊಡುವ ವೃದ್ಧಾಪ್ಯವೇತನವನ್ನು 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿಸಿತು. ಈ ವೇತನವನ್ನೇ ನಂಬಿದ ಮುದುಕಿಯು ಬಡ್ಡಿಯ ಮನೆಯಲ್ಲಿ ಇರಲಾರಳು. ಆದುದರಿಂದ ನೆಲವೂ ಕಟ್ಟಡವೂ ಸಾಲದ ಮೇಲೆ ನಿಲ್ಲದೆ ದಾಸೋಹದ ಮೇಲೆ ನಿಲ್ಲಬೇಕು. ಬಾಡಿಗೆಯು ಬಂಡವಾಳವನ್ನು ಮರಳಿ ತರಬೇಕೆಂಬ ಆಸೆಯನ್ನು ಮೊದಲ ದಿನವೇ ಬಿಡಬೇಕು.

ಹಾಗೆ ಬಿಟ್ಟರೆ ಉಳಿಯುವುದು ನಿತ್ಯದ ವೆಚ್ಚ. ನಲವತ್ತು ಕೋಣೆಗಳ ಒಂದು ವಸತಿಗೆ ಕಾವಲುಗಾರ, ಕಸಗುಡಿಸುವವರು, ನೀರು, ವಿದ್ಯುತ್ತು, ದುರಸ್ತಿ ಸೇರಿ ತಿಂಗಳಿಗೆ 60,000 ರೂಪಾಯಿ ತಗಲುವುದೆಂದು ಭಾವಿಸಬಹುದು. ಸಮನಾಗಿ ಹಂಚಿದರೆ ಕೋಣೆಗೆ 1,500. ಇದೂ ಆ ಮುದುಕಿಯ ವೇತನವನ್ನು ಮೀರಿತು. ಆದರೆ ಸಮನಾಗಿಯೇ ಹಂಚಬೇಕೆಂಬ ವಿಧಿಯಿಲ್ಲ. ಇಪ್ಪತ್ತು ಕೋಣೆಯವರು 400ರಂತೆ 8,000, ಹನ್ನೆರಡು ಕೋಣೆಯವರು 1,500ರಂತೆ 18,000, ನಿವೃತ್ತಿವೇತನವಿರುವ ಎಂಟು ಕೋಣೆಯವರು 4,000ದಂತೆ 32,000 ಕೊಟ್ಟರೆ ಒಟ್ಟು 58,000 ಆಯಿತು. ಉಳಿದ 2,000 ರೂಪಾಯಿಯನ್ನು ಊರು ಹೊರಲಾರದೆ? ಒಂದು ಮದುವೆಯ ಮಂಟಪದ ಹೂವಿನ ವೆಚ್ಚಕ್ಕಿಂತ ಇದು ಕಡಿಮೆ.

ಈ ಲೆಕ್ಕದಲ್ಲಿ ಒಂದು ಧರ್ಮಸೂಕ್ಷ್ಮವಿದೆ. ನಾಲ್ಕು ಸಾವಿರ ಕೊಡುವವರ ಕೋಣೆಯೂ ನಾಲ್ಕು ನೂರು ಕೊಡುವವರ ಕೋಣೆಯೂ ಒಂದೇ ಅಳತೆಯದಾಗಿರಬೇಕು; ಯಾರು ಎಷ್ಟು ಕೊಡುತ್ತಾರೆಂಬುದು ಲೆಕ್ಕ ಬರೆಯುವವರ ಹೊರತು ಇನ್ನೊಬ್ಬರಿಗೆ ತಿಳಿಯಬಾರದು. ಹೆಚ್ಚು ಕೊಟ್ಟವರಿಗೆ ಪಡಸಾಲೆಯಲ್ಲಿ ಹೆಚ್ಚು ಮಾತು, ಮುಂದಿನ ಮಣೆ ಎಂದಾದರೆ ದಾಸೋಹವು ಅಂದೇ ಸತ್ತು ದಾನವು ಹುಟ್ಟಿತೆಂದು ತಿಳಿಯಬೇಕು. ಗಣಂಗಳ ಮಧ್ಯದಲ್ಲಿ ಹಿರಿದು ಕಿರಿದೆಂಬುದಿಲ್ಲವೆಂಬ ತತ್ತ್ವವನ್ನು ಬಾಯಲ್ಲಿ ಹೇಳುವುದು ಸುಲಭ. ನಿವೃತ್ತನಾದ ಅಧಿಕಾರಿಯೂ ಬೀದಿ ಗುಡಿಸಿ ಮುದುಕಿಯಾದ ಪೌರಕಾರ್ಮಿಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವಾಗ ಅದರ ಪರೀಕ್ಷೆಯಾಗುತ್ತದೆ. ಇಂಥ ಮನೆಯನ್ನು ಒಂದು ಜಾತಿಯವರಿಗೆಂದು ಮೀಸಲಿಡುವುದು ಮಹಾಮನೆಯ ಹೆಸರಿಗೆ ಒಪ್ಪುವ ಕೆಲಸವಲ್ಲ. ಅವರವರ ಇಷ್ಟದೈವದ ಪೂಜೆ ಅವರವರ ಕೋಣೆಯಲ್ಲಿ. ಊಟದ ಪಂಕ್ತಿ ಎಲ್ಲರಿಗೂ ಒಂದೇ.

ಬೆಲೆಯಂತೆಯೇ ಸ್ಥಳವೂ ಧರ್ಮದ ವಿಷಯವಾಗಿದೆ. ಊರ ಹೊರಗೆ ಐದಾರು ಮೈಲು ದೂರದಲ್ಲಿ ನೆಲವು ಅಗ್ಗವಾಗಿ ಸಿಗುತ್ತದೆ. ದಾನಿಗಳು ಕೊಡುವುದೂ ಅಂಥ ನೆಲವನ್ನೇ. ಆದರೆ ವೃದ್ಧರಿಗೆ ಬೇಕಾದುದು ಹೊಲದ ನಡುವಿನ ಶಾಂತಿಯಲ್ಲ. ಔಷಧದ ಅಂಗಡಿ, ಸರಕಾರಿ ಆಸ್ಪತ್ರೆ, ಕಾಯಿಪಲ್ಯದ ಸಂತೆ, ಮಠದ ಪುರಾಣ, ಓಣಿಯ ಕಟ್ಟೆ, ಶಾಲೆ ಬಿಟ್ಟು ಬರುವ ಮಕ್ಕಳ ಗದ್ದಲ, ಇವು ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕು. ಊರ ಹೊರಗೆ ಕಟ್ಟಿದ ಮನೆ ಎಷ್ಟೇ ಅಂದವಾಗಿದ್ದರೂ, ಹಿರಿಯರನ್ನು ಕಣ್ಮರೆ ಮಾಡುವ ಉಪಾಯವೆಂಬ ಅನುಮಾನಕ್ಕೆ ಎಡೆಗೊಡುತ್ತದೆ. ಊರ ನಡುವಿನ ಮನೆಯಲ್ಲಿದ್ದ ಮುದುಕನನ್ನು ದಿನಕ್ಕೆ ಹತ್ತು ಜನ ಕಾಣುತ್ತಾರೆ, ಒಂದು ದಿನ ಕಾಣದಿದ್ದರೆ “ಯಾಕ, ಅಜ್ಜಾರು ಬಂದಿಲ್ಲ?” ಎಂದು ಕೇಳುತ್ತಾರೆ. ಈ ಒಂದು ಪ್ರಶ್ನೆಯೇ ಹಲವು ಸಲ ಅವನ ಪ್ರಾಣವನ್ನು ಉಳಿಸೀತು.

ಕಟ್ಟುವ ರೀತಿಯಲ್ಲಿಯೂ ಭಕ್ತಿಯಿರಬೇಕು. ಭಕ್ತಿಯೆಂದರೆ ಇಲ್ಲಿ ಶಿಲ್ಪದ ಸೊಗಸಲ್ಲ, ಎಚ್ಚರ. ಒಂದು ಅಡಿ ಏರಬೇಕಾದ ಕಡೆ ಮೆಟ್ಟಿಲಿನ ಬದಲು ಹನ್ನೆರಡು ಅಡಿ ಉದ್ದದ ಇಳಿಜಾರು. ಗಾಲಿಕುರ್ಚಿ ಹೋಗುವಂತೆ ಮೂರಡಿ ಅಗಲದ ಬಾಗಿಲು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಗೋಡೆಗೆ ಕಬ್ಬಿಣದ ಸರಳು. ನುಣುಪಾದ ಹಾಸುಗಲ್ಲಿನ ಬದಲು ಕಾಲು ಜಾರದ ಒರಟು ಫರಸಿ. ರಾತ್ರಿ ಎದ್ದಾಗ ಕೈಗೆ ಸಿಗುವ ಎತ್ತರದಲ್ಲಿ ದೀಪದ ಗುಂಡಿ. ಇವುಗಳಿಗೆ ತಗಲುವ ಹೆಚ್ಚಿನ ವೆಚ್ಚ ಅಲ್ಪ. ಇವುಗಳನ್ನು ಮರೆತು ಮುಂಬಾಗಿಲಿಗೆ ಕಮಾನು ಕಟ್ಟಿಸಿದರೆ ಅದು ಕಟ್ಟಿಸಿದವನ ಹೆಸರಿಗಾಗಿಯೇ ಹೊರತು ಇರುವವರ ಸುಖಕ್ಕಾಗಿ ಅಲ್ಲ. ಮುಪ್ಪಿನಲ್ಲಿ ಒಮ್ಮೆ ಬಿದ್ದು ಸೊಂಟದ ಎಲುಬು ಮುರಿದರೆ ಮತ್ತೆ ಮೊದಲಿನಂತೆ ನಡೆಯಲಾರದವರು ಅನೇಕರು. ದೇಹವೇ ದೇಗುಲವೆಂದು ನಂಬಿದ ಧರ್ಮದಲ್ಲಿ, ಜೀರ್ಣವಾದ ಆ ದೇಗುಲವು ಬೀಳದಂತೆ ಒಂದು ಸರಳನ್ನು ಹಾಕುವುದು ಪೂಜೆಯಲ್ಲದೆ ಮತ್ತೇನು?

ಇನ್ನು ಕಾಯಕದ ಮಾತು. ಕೈಲಾಗದವರೆಂದು ವೃದ್ಧರನ್ನು ಸುಮ್ಮನೆ ಕೂರಿಸಿ ಉಣಿಸುವುದು ದಯೆಯೆಂದು ಬಹುಜನರ ತಿಳುವಳಿಕೆ. ಶರಣಧರ್ಮದಲ್ಲಿ ಕಾಯಕಕ್ಕೆ ನಿವೃತ್ತಿಯಿಲ್ಲ. ಅದರ ಭಾರವು ವಯಸ್ಸಿಗೆ ತಕ್ಕಂತೆ ಹಗುರಾಗುತ್ತದೆ, ಅಷ್ಟೆ. ನುಲಿಯ ಚಂದಯ್ಯನು ಹುಲ್ಲಿನ ಹಗ್ಗ ಹೊಸೆದು ಮಾರಿಯೇ ದಾಸೋಹ ನಡೆಸಿದನು. ಬತ್ತಿ ಹೊಸೆಯುವುದು, ವಿಭೂತಿ ಕಟ್ಟುವುದು, ಶ್ಯಾವಿಗೆ ಒಣಗಿಸುವುದು, ಓಣಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು, ಎಳೆಯ ತಾಯಂದಿರಿಗೆ ಕೂಸಿನ ಆರೈಕೆ ತಿಳಿಸುವುದು, ಇವೆಲ್ಲ ಎಂಬತ್ತರ ಕೈಗೂ ಎಟಕುವ ಕಾಯಕಗಳು. ಅವುಗಳಿಂದ ಬರುವ ಹಣ ಅಲ್ಪವಿರಬಹುದು. ಆದರೆ ಬೆಳಗ್ಗೆ ಎದ್ದೊಡನೆ ‘ಇಂದು ಮಾಡುವ ಕೆಲಸವೊಂದಿದೆ’ ಎಂಬ ಅರಿವು ಮುಪ್ಪಿಗೆ ಕೊಡುವ ಬಲವನ್ನು ಯಾವ ಔಷಧವೂ ಕೊಡಲಾರದು. ಯಾರಿಗೂ ಬಲವಂತವಿರಬಾರದು, ಯಾರಿಗೂ ನಿಷೇಧವೂ ಇರಬಾರದು.

ಇದು ಆಗದ ಮಾತೆಂದು ತಿಳಿಯುವವರಿಗೆ ಗದಗಿನ ನೆಲದಲ್ಲಿಯೇ ಎರಡು ನಿದರ್ಶನಗಳುಂಟು. ಒಂದು ವೀರೇಶ್ವರ ಪುಣ್ಯಾಶ್ರಮ. ಹುಟ್ಟು ಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892-1944), ಅವರ ತರುವಾಯ ಪುಟ್ಟರಾಜ ಗವಾಯಿಗಳು (1914-2010) ಅಂಧರಿಗೂ ಅನಾಥರಿಗೂ ಅನ್ನ, ವಸತಿ, ಸಂಗೀತವಿದ್ಯೆಗಳನ್ನು ಒಂದೇ ಸೂರಿನಡಿ ಕೊಟ್ಟರು. ಭಕ್ತರ ಕಾಣಿಕೆಯ ಜೊತೆಗೆ ಸಂಗೀತ ನಾಟಕಗಳ ಗಳಿಕೆಯೂ ಆ ಒಲೆಗೆ ಉರುವಲಾಯಿತು. ಕಣ್ಣಿಲ್ಲದವರೆಂದು ಲೋಕವು ಮರುಗುತ್ತಿದ್ದವರು ಅಲ್ಲಿ ಗಾಯಕರಾಗಿ ಹೊರಬಿದ್ದರು. ಅದು ಕಾಯಕವುಳ್ಳ ದಾಸೋಹ.

ಎರಡನೆಯದು ಕಣಗಿನಹಾಳ. ಗದಗ ತಾಲ್ಲೂಕಿನ ಈ ಹಳ್ಳಿಯಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿಪತ್ತಿನ ಸಹಕಾರಿ ಸಂಘವು ಹುಟ್ಟಿತು. 1904ರ ಸಹಕಾರಿ ಕಾಯಿದೆಯ ಕೆಳಗೆ ದೇಶದಲ್ಲಿಯೇ ಮೊದಲು ಹುಟ್ಟಿದ ಸಂಘವೆಂದು ಅದು ಪ್ರಸಿದ್ಧವಾಗಿದೆ. ಸಾಹುಕಾರನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ರೈತರು ತಮ್ಮ ಸಣ್ಣ ಸಣ್ಣ ಪಾಲುಗಳನ್ನು ಕೂಡಿಸಿ ತಾವೇ ತಮಗೆ ಆಸರೆಯಾಗಬಲ್ಲರೆಂಬುದನ್ನು ಸಹಕಾರವು ತೋರಿಸಿಕೊಟ್ಟಿತು. ವೃದ್ಧರ ವಸತಿಯ ಆಡಳಿತಕ್ಕೆ ಇದು ಮಾದರಿ. ಕಟ್ಟಿಸಿದವರು ಕಟ್ಟಿಸಿ ಹಿಂದೆ ಸರಿಯಬೇಕು. ಆಡಳಿತ ಮಂಡಳಿಯಲ್ಲಿ ಅಲ್ಲಿ ವಾಸಿಸುವವರಿಗೇ ಅರ್ಧ ಸ್ಥಾನಗಳಿರಬೇಕು. ತಿಂಗಳ ಲೆಕ್ಕವನ್ನು ಪಡಸಾಲೆಯಲ್ಲಿ ಓದಿ ಹೇಳಬೇಕು. ಅಡಿಗೆಗೆ ಖಾರ ಹೆಚ್ಚಾಯಿತೆಂದು ಹೇಳುವ ಹಕ್ಕು ಮುದುಕಿಗೆ ಇಲ್ಲದಿದ್ದರೆ ಆ ಮನೆ ಅವಳದಾಗಲಿಲ್ಲ. ಅನುಭವಮಂಟಪದಲ್ಲಿ ಎಲ್ಲರಿಗೂ ಮಾತಿತ್ತೆಂದು ಹಾಡಿ ಹೊಗಳುವವರು ತಮ್ಮ ಸಂಸ್ಥೆಗಳಲ್ಲಿಯೂ ಉಣ್ಣುವವರಿಗೆ ಮಾತು ಕೊಡುವುದು ನ್ಯಾಯ.

ಒಂದು ಕಠಿಣವಾದ ವಿಷಯವನ್ನು ಮರೆಮಾಚಬಾರದು. ಕೋಣೆಗೆ ಬಂದಾಗ ತಾವೇ ನಡೆದು ಬಂದವರು ಒಂದು ದಿನ ಹಾಸಿಗೆ ಹಿಡಿಯುತ್ತಾರೆ. ಕೆಲವರಿಗೆ ಅರಿವು ಮಸುಳಿ ಸ್ವಂತ ಮಗನ ಗುರುತೂ ಸಿಗದಂತಾಗುತ್ತದೆ. ನಲವತ್ತು ಕೋಣೆಗಳ ವಸತಿಯು ಆಸ್ಪತ್ರೆಯಾಗಲಾರದು. ಆ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಕೀಲಿಕೈ ಕೊಡುವ ದಿನವೇ ವೃದ್ಧರೊಡನೆಯೂ ಅವರ ಮಕ್ಕಳೊಡನೆಯೂ ಮಾತನಾಡಿ ಬರೆದಿಡಬೇಕು. ನಾಲ್ಕು ಹಾಸಿಗೆಗಳ ಒಂದು ಆರೈಕೆಯ ಕೋಣೆ, ಇಬ್ಬರು ತರಬೇತಾದ ಪರಿಚಾರಕರು, ಇಷ್ಟಾದರೂ ಇರಲೇಬೇಕು. ಇದಕ್ಕೆ ತಗಲುವ ವೆಚ್ಚವು ಮೇಲಿನ ಲೆಕ್ಕದ ಹೊರಗಿನದು, ಅದನ್ನು ಊರಿನ ಉಳ್ಳವರು ಹೊರಬೇಕಾದುದು. ಮಗನ ಧರ್ಮವು ಮುಖ್ಯವಾಗಿ ಇಲ್ಲಿ ಬರುತ್ತದೆ. ಕೋಣೆಯನ್ನು ಊರು ಕೊಟ್ಟಿತು. ಆದರೆ ಕೊನೆಯ ಹೊತ್ತಿನಲ್ಲಿ ತಂದೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಡುವ ಕೆಲಸವನ್ನು ಊರು ಮಾಡಲಾರದು. ಅದನ್ನು ಹಣ ಕೊಟ್ಟು ಮಾಡಿಸುವಂತೆಯೂ ಇಲ್ಲ. ವಸತಿಯು ಮಗನ ಹೆಗಲಿನಿಂದ ಗೋಡೆ, ಮಾಡುಗಳ ಭಾರವನ್ನು ಇಳಿಸುತ್ತದೆ, ಪ್ರೀತಿಯ ಭಾರವನ್ನಲ್ಲ. ಮೊದಲಿನ ಭಾರ ಇಳಿದುದರಿಂದ ಎರಡನೆಯದನ್ನು ಹೊರುವ ಬಲ ಅವನಿಗೆ ಹೆಚ್ಚಾಗಬೇಕು. ಹಬ್ಬಕ್ಕೆ ಬಂದ ಮಗನು ತಂದೆಯ ಕೋಣೆಯಲ್ಲಿ ಅತಿಥಿಯಾಗಿ ಕುಳಿತು, ತಂದೆಯೇ ಕಾಸಿದ ಚಹಾ ಕುಡಿಯುವ ದೃಶ್ಯದಲ್ಲಿ ಇಬ್ಬರಿಗೂ ಇರುವ ಹಿಗ್ಗು, ಮಗನ ಮನೆಯ ಮೂಲೆಯಲ್ಲಿ ತಂದೆಯು ಮುದುಡಿ ಕುಳಿತಾಗ ಇರುವುದಿಲ್ಲ.

ಹಾಗಾದರೆ ಪ್ರಾರಂಭವೆಲ್ಲಿಂದ? ಮೂರು ಕೋಟಿ ಕೂಡಿದ ಮೇಲೆ ಅಡಿಗಲ್ಲು ಹಾಕೋಣವೆಂದು ಕಾಯುತ್ತ ಕುಳಿತರೆ ಇಂದಿನ ಮುದುಕರು ಅಷ್ಟರಲ್ಲಿ ಲಿಂಗದೊಳಗಾಗುವರು. ಗದಗಿನಂಥ ಯಾವ ಊರಿನ ಹಳೆಯ ಓಣಿಯಲ್ಲಿ ನಡೆದರೂ ಬೀಗ ಹಾಕಿದ ಮನೆಗಳು ಕಣ್ಣಿಗೆ ಬೀಳುತ್ತವೆ. ಒಡೆಯರು ಬೆಂಗಳೂರಿನಲ್ಲಿಯೋ ಅಮೇರಿಕದಲ್ಲಿಯೋ ಇದ್ದಾರೆ; ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ಬಾಗಿಲು ತೆರೆದು ಧೂಳು ಝಾಡಿಸಿ ಹೋಗುತ್ತಾರೆ. ನಾಲ್ಕು ಕೋಣೆಗಳ ಅಂಥ ಒಂದು ಮನೆಯನ್ನು ಹತ್ತು ವರ್ಷದ ಕರಾರಿನ ಮೇಲೆ ಮಠಕ್ಕೋ ಸಹಕಾರಿ ಸಂಘಕ್ಕೋ ವಹಿಸಿಕೊಟ್ಟು, ಹೊಸ್ತಿಲು ತಗ್ಗಿಸಿ, ಬಚ್ಚಲು ಒಳಗೆ ತಂದು, ಸರಳು ಜಡಿಸಿದರೆ ನಾಲ್ವರು ವೃದ್ಧರಿಗೆ ನೆಲೆಯಾಯಿತು. ಅಂಥ ಹತ್ತು ಮನೆಗಳು ತೆರೆದರೆ ನಲವತ್ತು ಕೋಣೆಗಳಾದುವು. ಹೊಸ ಗೋಡೆಯೊಂದೂ ಏಳಲಿಲ್ಲ. ಓಣಿಯಲ್ಲಿ ಆರಿದ್ದ ದೀಪ ಮತ್ತೆ ಹತ್ತಿತು. ಹಿರಿಯರು ಊರ ನಡುವೆಯೇ ಉಳಿದರು.

ಆಗ ಲಕ್ಕಮ್ಮನ ಮಾತು ಬಡವರಿಗೆ ಮಾತ್ರ ಹೇಳಿದುದಲ್ಲವೆಂದು ತಿಳಿಯುವುದು. ಒಂದು ದಿನದ ಹೆಚ್ಚಿನ ಅಕ್ಕಿಯನ್ನು ಮನೆಯಲ್ಲಿಟ್ಟುಕೊಳ್ಳಲು ಆ ತಾಯಿ ಒಪ್ಪಲಿಲ್ಲ. ವರ್ಷಗಟ್ಟಲೆ ಯಾರೂ ಇರದ ಮನೆಯ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಾಸೋಹದ ಮಾತನಾಡುವ ಗೃಹಸ್ಥನು ಅವಳ ಮುಂದೆ ಏನು ಹೇಳಿಯಾನು? ಮಿಗಿಲಾದ ಅಕ್ಕಿಯನ್ನು ಮರಳಿ ಅಂಗಳಕ್ಕೆ ಸುರಿಯುವ ಕಾಲ ಬಂದಿದೆ. ಇಂದು ಬೀಗ ತೆಗೆಯುವವನಿಗೂ ನಾಳೆ ಮುಪ್ಪು ತಪ್ಪಿದ್ದಲ್ಲ. ಅವನು ತೆರೆದ ಬಾಗಿಲಿನೊಳಗೆ ಅವನೇ ಒಂದು ದಿನ ತಲೆಯೆತ್ತಿ ಹೋಗುವಂತಾಗಲಿ.